ಮೇಲಿನ ಸಾಲು

ವಾಟ್ಸಾಪಿನಲ್ಲಿ ಒಂದು ಸಾಲು ಕಟ್ ಆಯಿತು, ಅದರಿಂದ ಒಬ್ಬ ಹುಡುಗಿಯ ಓದು ನಿಂತಿತು. ಇಂಡಿಯಿಂದ ಮುದ್ದೇಬಿಹಾಳದವರೆಗೆ ನಮ್ಮ ಓರಗೆಯವರು ಈ ಕತೆ ಹೇಳುವುದು ಹೀಗೆ. ಹೇಳಿ ಚಹಾದ ಕಪ್ಪು ಕೆಳಗಿಟ್ಟು, "ಒಂದ ಸಾಲಿಗೆ ಎಷ್ಟ ಆತು ನೋಡ್ರಿ" ಎನ್ನುತ್ತಾರೆ. ಹಿರಿಯರ ಕತೆ ಬೇರೆ: ಯಾರೋ ಒಬ್ಬ ಮೇಡಂ ಕೊಡಬಾರದ ಪುಸ್ತಕ ಕೊಟ್ಟು ಹುಡುಗಿಯರ ತಲೆ ಕೆಡಿಸಿದರು. ಹಿರಿಯರ ಕತೆಯನ್ನು ಖಂಡಿಸಲು ನಾನು ಬೇಕಿಲ್ಲ. ಅವರಲ್ಲಿ ಒಬ್ಬರೂ ಆ ಪುಸ್ತಕ ಓದಿಲ್ಲ, ಅಲ್ಲಿಗೇ ಅದು ಬಿತ್ತು. ನನ್ನ ತಕರಾರು ಇರುವುದು ನಮ್ಮವರ ಕತೆಯ ಮೇಲೆ. ಅದು ಎಲ್ಲರಿಗೂ ಹಿತವಾದ ಕತೆ. ಅದರಲ್ಲಿ ಯಾರೂ ಏನೂ ಮಾಡಿಲ್ಲ, ಯಾರೂ ಏನೂ ಹೇಳಿಲ್ಲ, ಸಾಲು ತಾನೇ ಕಟ್ ಆಗಿದೆ.

ಆ ಕತೆ ಕಟ್ಟಿದವಳು ನಾನು. ಕಟ್ಟುವಾಗ ನಂಬಿದ್ದೆ ಕೂಡ.

ಮೇಡಂ ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಕಾಯಂ ಅಲ್ಲದವರು. ವರ್ಷವರ್ಷ ಪಟ್ಟಿ ಬರುತ್ತದೆ. ಹೆಸರಿದ್ದರೆ ಕ್ಲಾಸು, ಇಲ್ಲದಿದ್ದರೆ ಮನೆ. ನಾನು ಕಂಡಾಗ ಅವರು ವಾರಕ್ಕೆ ಮೂರು ದಿನ ನಮ್ಮ ಸಿಂದಗಿಯಲ್ಲಿ, ಮೂರು ದಿನ ಇಂಡಿಯಲ್ಲಿ ಕಲಿಸುತ್ತಿದ್ದರು. ಅದಕ್ಕೂ ಮೊದಲು ಮುದ್ದೇಬಿಹಾಳ, ಬಸವನ ಬಾಗೇವಾಡಿ ಆಗಿದ್ದವು. ಬಿಟ್ಟುಬಂದ ಊರುಗಳ ಹುಡುಗರು ಅವರನ್ನು ಬಿಡಲಿಲ್ಲ. ಕೊನೆಗೆ ನಾಲ್ಕೂ ಊರಿನವರನ್ನು ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದರು. ಅದರ ಹೆಸರು 'ಪುಟದ ಮ್ಯಾಲ ಬೆರಳು'. ಪುಸ್ತಕದ ಬಗ್ಗೆ ಏನು ಹೇಳಿದರೂ ಯಾವ ಪುಟದ ಯಾವ ಸಾಲಿನಿಂದ ಹೇಳಿದಿರಿ ಎಂದು ತೋರಿಸಬೇಕು. ತೋರಿಸದವರಿಗೆ ಮೇಡಂ ಉತ್ತರವನ್ನೇ ಕೊಡುತ್ತಿರಲಿಲ್ಲ. ಬೆರಳಿನ ಒಂದು ಚಿತ್ರ ಬರುತ್ತಿತ್ತು, ಅಷ್ಟೇ.

ಆ ವರ್ಷದ ಪುಸ್ತಕ ಒಬ್ಬ ಸೂಲಗಿತ್ತಿಯ ಕಾದಂಬರಿ. ಅಧ್ಯಾಯಗಳಿಲ್ಲ, ಸಂಭಾಷಣೆಗೆ ಉದ್ಧರಣ ಚಿಹ್ನೆಯಿಲ್ಲ, ಒಂದೊಂದು ವಾಕ್ಯ ಒಂದೊಂದು ಪುಟ. ಅಂಗಡಿಗಳಲ್ಲಿ ಸಿಗದ ಪುಸ್ತಕ. ಮೇಡಂ ಎಲ್ಲೆಲ್ಲಿಂದಲೋ ಐದು ಪ್ರತಿ ಹುಡುಕಿ ತಂದಿದ್ದರು. ಫೋಟೋ ಹೊಡೆದು ಕಳಿಸುವ ಹಾಗಿಲ್ಲ, ಕೈಯಲ್ಲಿ ಹಿಡಿದೇ ಓದಬೇಕು. ಹಾಗಾಗಿ ಐದು ಪ್ರತಿಗಳು ಬಸ್ಸಿನಲ್ಲಿ ತಿರುಗಿದವು. ಇಂಡಿಯವರು ಓದಿ ಸಿಂದಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು, ನಾವು ಓದಿ ದೇವರ ಹಿಪ್ಪರಗಿಯ ಮೇಲೆ ಬಾಗೇವಾಡಿಗೆ ಕಳಿಸುವುದು, ಅಲ್ಲಿಂದ ಮುದ್ದೇಬಿಹಾಳ, ಮತ್ತೆ ವಾಪಸ್. ಒಬ್ಬ ಕಂಡಕ್ಟರ್ ನನ್ನನ್ನು ಕೇಳಿದ್ದ, "ಏನವಾ, ಜಾತಕಾ ಏನು ಇದು? ಊರೂರು ಅಡ್ಡಾಡಾಕತ್ತೈತಿ."

ಗುಂಪಿನಲ್ಲಿ ಮೊದಲ ಹದಿನೈದು ದಿನ ಬರೀ ಗೋಳು. ಅಗರಖೇಡದ ಹುಡುಗನೊಬ್ಬ ಬರೆದಿದ್ದ: "ಮೇಡಂ, ಅಗರಖೇಡದಾಗ ಬಸ್ ಹತ್ತಿದಾಗ ಚಾಲೂ ಮಾಡಿದ ವಾಕ್ಯ ಇಂಡಿ ಬಸ್‌ಸ್ಟ್ಯಾಂಡಿನಾಗ ಮುಗೀತ್ರಿ."

"ಮುಗೀತಲ್ಲಪಾ. ಬಸ್ಸೂ ಮುಟ್ಟತು, ನೀನೂ ಮುಟ್ಟಿದಿ. ಮತ್ತೇನು ಬೇಕು?" ಎಂದಿದ್ದರು ಮೇಡಂ.

ನಾನು ಚರ್ಚಾಸ್ಪರ್ಧೆಯ ಹುಡುಗಿ. ಹೈಸ್ಕೂಲಿನಿಂದ ಅದೇ ಕೆಲಸ. ವಿಷಯ ಕೊಡುತ್ತಾರೆ, ಚೀಟಿ ಎತ್ತಿಸುತ್ತಾರೆ, ಚೀಟಿಯಲ್ಲಿ ಪರ ಎಂದಿದ್ದರೆ ಪರ, ವಿರೋಧ ಎಂದಿದ್ದರೆ ವಿರೋಧ. ಬೆಳಿಗ್ಗೆ ವರದಕ್ಷಿಣೆಯ ಪರವಾಗಿ ಮಾತಾಡಿ ಷೀಲ್ಡ್ ಗೆದ್ದು ಮಧ್ಯಾಹ್ನ ಅದರ ವಿರುದ್ಧ ಮಾತಾಡಬಲ್ಲೆ. ಬಾಯಿಂದ ಬಂದ ಮಾತು ನಮ್ಮದೇ ಆಗಿರಬೇಕಿಲ್ಲ ಎಂಬುದನ್ನು ನಾನು ವಿದ್ಯೆಯಾಗಿ ಕಲಿತವಳು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಪ್ಪೆಲ್ಲ ಅಲ್ಲಿಂದಲೇ ಹೊರಟದ್ದು.

ಬಾಗೇವಾಡಿಯ ಆ ಹುಡುಗಿ ನನಗಿಂತ ಒಂದು ವರ್ಷ ಚಿಕ್ಕವಳು, ನನ್ನಂತೆಯೇ ಬಿ.ಎ. ಕೊನೆಯ ವರ್ಷ. ಇಂಗಳೇಶ್ವರದ ದಾರಿಯಲ್ಲಿ ಒಳಗೆ ತಿರುಗಿದರೆ ಅವಳ ಊರು. ತಂದೆ ಇಲ್ಲ, ತಾಯಿ ಮಗಳು ಇಬ್ಬರೂ ದೊಡ್ಡಪ್ಪನ ಮನೆಯಲ್ಲಿದ್ದರು. ಪರೀಕ್ಷೆ ಮುಗಿಸಿ ವಿಜಯಪುರಕ್ಕೆ ಹೋಗಿ ಎಂ.ಎ. ಮಾಡಬೇಕೆಂಬುದು ಅವಳ ಲೆಕ್ಕ. ದೊಡ್ಡಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ನಾನು ಅವಳನ್ನು ಭೇಟಿಯಾದದ್ದು ಎರಡೇ ಸಲ. ಆದರೆ ನಾನು ಓದಿದ ಪ್ರತಿಯನ್ನೇ ನನ್ನ ನಂತರ ಅವಳು ಓದುತ್ತಿದ್ದಳು. ಅಂಚಿನಲ್ಲಿ ನಾನು ಪೆನ್ಸಿಲ್‌ನಿಂದ 'ಇದು ಹೆಂಗ ಸಾಧ್ಯ?' ಎಂದು ಬರೆದಿದ್ದರೆ, ಪುಸ್ತಕ ವಾಪಸ್ ಬಂದಾಗ ಅದರ ಕೆಳಗೆ 'ಅಕ್ಕಾ, ನಿನಗ ಎಲ್ಲಾ ಸಾಧ್ಯ ಐತಿ, ಅದಕ್ಕ ತಿಳಿಯಂಗಿಲ್ಲ' ಎಂದು ಇರುತ್ತಿತ್ತು. ಗುಂಪಿನಲ್ಲಿ ಅವಳು ಬರೆಯುತ್ತಿದ್ದದ್ದು ಕಡಿಮೆ. ಬರೆದಾಗ ಮಾತ್ರ ಪುಸ್ತಕ ಕೈಯಲ್ಲಿದ್ದವರು ಆ ಪುಟವನ್ನು ಮತ್ತೆ ತೆರೆಯುತ್ತಿದ್ದರು.

ಕಾದಂಬರಿಯ ಕೊನೆಯಲ್ಲಿ ಸೂಲಗಿತ್ತಿ ಮಟಮಟ ಮಧ್ಯಾಹ್ನ ಮನೆ ಬಿಟ್ಟು ಹೊರಡುತ್ತಾಳೆ. ಜಗಳ ಆಗಿಲ್ಲ, ಕಾರಣ ಹೇಳುವುದಿಲ್ಲ. ಹೊಸ್ತಿಲು ದಾಟುವಾಗ ಒಂದೇ ಮಾತು: "ಹೋಗ್ತೇನಿ."

ನಮ್ಮ ಕಡೆ ಹೊರಡುವವರು ಹೀಗೆ ಹೇಳುವುದಿಲ್ಲ. ಮಗ್ಗುಲ ಮನೆಗೆ ಮೊಸರಿನ ಹೆಪ್ಪು ತರಲು ಹೊರಟರೂ "ಬರ್ತೇನಿ" ಅನ್ನಬೇಕು. ಸಣ್ಣವಳಿದ್ದಾಗ ಬಾಯ್ತಪ್ಪಿ "ಹೋಗ್ತೇನಿ" ಎಂದಾಗಲೆಲ್ಲ ನನ್ನ ಅಜ್ಜಿ ಹೊರಟವಳನ್ನು ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ, "ಬರ್ತೇನಿ" ಅನ್ನಿಸಿ ಕಳಿಸುತ್ತಿದ್ದಳು. ಹೋಗುವವರು ಸತ್ತವರು ಮಾತ್ರ.

ಈ ಒಂದು ಮಾತಿನ ಮೇಲೆ ಗುಂಪಿನಲ್ಲಿ ಮೂರು ದಿನ ಜಗಳ ನಡೆಯಿತು. ಆಕೆ ಸಾಯಲಿಕ್ಕೇ ಹೊರಟಿದ್ದಾಳೆ ಎಂದು ಮುದ್ದೇಬಿಹಾಳದವರು. ಲೇಖಕರಿಗೆ ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲ ಎಂದು ಇಂಡಿಯವರು. ನಾನು ಎಂದಿನಂತೆ ಎಲ್ಲರಿಗೂ ಎದುರು: ಅದು ಅಚ್ಚಿನ ತಪ್ಪು, 'ಹೋಗಿ ಬರ್ತೇನಿ' ಎಂಬುದರಲ್ಲಿ ಅರ್ಧ ಬಿದ್ದುಹೋಗಿದೆ, ಇಲ್ಲವೆಂದು ಯಾರಾದರೂ ಸಾಬೀತು ಮಾಡಲಿ.

"ವಕೀಲ್ತಿ, ಸಾಕು" ಎಂದರು ಮೇಡಂ. "ಎಲ್ಲಾರೂ ಆಕಿ ಬಗ್ಗೆ ಮಾತಾಡಾಕತ್ತೀರಿ. ಈಗ ಆಕಿ ಆಗಿ ಬರೀರಿ. ಹೊಸ್ತಿಲದಾಗ ನಿಂತು ಬರೀರಿ. ಆದ್ರ ಮೊದಲನೇ ಸಾಲು 'ಈಗ ನಾನು ಆಕಿ' ಅಂತ ಇರ್ಬೇಕು. ಆ ಸಾಲು ಇಲ್ದಿದ್ರ ನಾ ಓದಂಗಿಲ್ಲ."

ಆ ಸಾಲು ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲದಕ್ಕೂ ಯಾಕೆ ಎನ್ನುವ ನಾನೂ ಕೇಳಲಿಲ್ಲ. ಈಗ ಅನ್ನಿಸುತ್ತದೆ, ಏನಾದರೂ ಆದರೆ ನಾವು ಹಿಡಿದುಕೊಳ್ಳಲಿಕ್ಕೆ ಅವರು ಕಟ್ಟಿಕೊಟ್ಟ ಕಟಕಟೆ ಅದು.

ಗುರುವಾರ ಮಧ್ಯಾಹ್ನ ಬಾಗೇವಾಡಿಯ ಹುಡುಗಿ ಬರೆದಳು:

"ನಾ ಹೋಗ್ತೇನಿ. ಇಷ್ಟು ವರ್ಷ ಬರ್ತೇನಿ ಅಂತ ಅಂದೇನಿ, ಅಂದಂಗ ಬಂದೇನಿ. ಬಾಂವಿಗೆ ಹೋದ್ರೂ ಬರ್ತೇನಿ, ಸಾಲಿಗೆ ಹೋದ್ರೂ ಬರ್ತೇನಿ, ಸಂತಿಗೆ ಹೋದ್ರೂ ಬರ್ತೇನಿ. ಒಂದ ಸಲ ಬರೇ ಹೋಗ್ತೇನಿ ಅಂದು ನೋಡ್ತೇನಿ. ಆ ಮಾತು ಬಾಯಾಗ ಹೆಂಗ ಇರ್ತೈತಿ, ನನಗ ಗೊತ್ತಾಗಬೇಕು. ಬಾಗಲಾ ತಗದಿಡಬ್ಯಾಡ್ರಿ."

ಅಗರಖೇಡದ ಹುಡುಗ ಕೂಡ ಹಲ್ಲು ಕಿರಿಯುವ ಚಿತ್ರ ಹಾಕಲಿಲ್ಲ. ನನಗೆ ಹೆಮ್ಮೆ ಬಂತು, ನಾನೇ ಬರೆದ ಹಾಗೆ. ಸುತ್ತಲಿನ ಕಾಲೇಜುಗಳ ಚರ್ಚಾಪಟುಗಳೆಲ್ಲ ಸೇರಿದ ಇನ್ನೊಂದು ಗುಂಪಿತ್ತು. ಅಲ್ಲಿ ಬರೀ ಗಾದೆ, ಚಪ್ಪಾಳೆ, ಅಬ್ಬರ. ಅವರಿಗೆ ತೋರಿಸಬೇಕು ಅನ್ನಿಸಿತು. ಸ್ಕ್ರೀನ್‌ಶಾಟ್ ತೆಗೆದೆ. ಅವಳ ಹೆಸರು ಕಾಣಬಾರದೆಂದು ಮೇಲಿನ ಭಾಗ ಕತ್ತರಿಸಿದೆ. ನನ್ನ ಜಾಣತನ ಅಲ್ಲಿಗೇ ಮುಗಿಯಿತು. ಕೆಳಗೆ ಬರೆದೆ: "ನೋಡ್ರಿ, ನಮ್ಮ ಇಂಗಳೇಶ್ವರ ದಾರಿಯ ಹುಡುಗಿ ಹೆಂಗ ಬರೀತಾಳ."

ನಮ್ಮ ಕಡೆ ಹೆಸರು ಬೇಕಾಗುವುದಿಲ್ಲ, ಊರು ಸಾಕು. ಆ ದಾರಿಯಿಂದ ಬಾಗೇವಾಡಿಗೆ ಬಂದು ಬಿ.ಎ. ಓದುತ್ತಿದ್ದ ಹುಡುಗಿ ಅವಳೊಬ್ಬಳೇ. ಶುಕ್ರವಾರ ಊಟದ ಹೊತ್ತಿಗೆ ಆ ಚಿತ್ರ ಅವಳ ದೊಡ್ಡಪ್ಪನ ಫೋನಿನಲ್ಲಿತ್ತು. ಅಷ್ಟರಲ್ಲಿ ಅದು ಕತೆಯಾಗಿ ಉಳಿದಿರಲಿಲ್ಲ. ಹುಡುಗಿ ಚೀಟಿ ಬರೆದಿಟ್ಟು ಓಡಿಹೋಗುವವಳಿದ್ದಳು, ಚೀಟಿ ಸಿಕ್ಕಿದೆ. ಯಾರ ಜೊತೆ ಎಂಬುದೊಂದೇ ಬಾಕಿ.

ಸಂಜೆ ಅವಳ ತಾಯಿಯ ಫೋನಿನಿಂದ ನನಗೆ ಕರೆ ಬಂತು. "ಅಕ್ಕಾ, ಏನ ಮಾಡಿದಿ?" ಅಷ್ಟೇ ಕೇಳಿಸಿತು. ಫೋನು ಯಾರೋ ಕಸಿದುಕೊಂಡರು.

ಶನಿವಾರ ಗುಂಪು ತೆರೆದು ನೋಡಿದರೆ ಆ ಬರಹ ಅಲ್ಲಿರಲಿಲ್ಲ. ಅಡ್ಮಿನ್ ಅಳಿಸಿದ್ದಾರೆ ಎಂಬ ಸೂಚನೆ ಇತ್ತು; ಅಡ್ಮಿನ್ ಮೇಡಂ ಒಬ್ಬರೇ. ಇಷ್ಟು ಹೆದರಿದರೇ ಎಂದು ನನಗೆ ಮೇಡಂ ಮೇಲೆ ಸಿಟ್ಟು ಬಂತು. ನಾನು ಮಾತ್ರ ಹೆದರಿರಲಿಲ್ಲ. ನನ್ನ ಬಳಿ ವಾದವಿತ್ತು. 'ಈಗ ನಾನು ಆಕಿ' ಎಂಬ ಸಾಲು ಮೇಲೆ ಇದ್ದೇ ಇತ್ತು, ಎಲ್ಲರದ್ದರಲ್ಲೂ ಇತ್ತು, ಹೆಸರು ಕತ್ತರಿಸುವಾಗ ಅದೂ ಕತ್ತರಿಸಿಹೋಗಿದೆ. ಅದು ಹೋದದ್ದಕ್ಕೆ ಸೂಲಗಿತ್ತಿಯ ಮಾತು ಹುಡುಗಿಯ ಮಾತಾಯಿತು. ತಪ್ಪು ನನ್ನದೆಂದು ಹೇಳಿದರೆ ಎಲ್ಲ ಸರಿಹೋಗುತ್ತದೆ. ತಪ್ಪೊಪ್ಪಿಕೊಳ್ಳುವುದರಲ್ಲೂ ಗೆಲ್ಲುವ ದಾರಿ ಕಂಡವಳು ನಾನು.

ಭಾನುವಾರ ಮೇಡಂ ಮತ್ತು ನಾನು ಹುಡುಗಿಯ ಮನೆಗೆ ಹೋದೆವು. ಮೇಡಂ ಕೈಚೀಲದಲ್ಲಿ ಹಸಿರು ಫೈಲ್ ಇತ್ತು. ಪ್ರತಿ ಶನಿವಾರ ಅವರು ಆ ವಾರದ ಚರ್ಚೆಯನ್ನೆಲ್ಲ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅದಕ್ಕೆ ಸೇರಿಸುತ್ತಿದ್ದರು. ಬಸ್ಸಿನಲ್ಲಿ ಹೇಳಿದೆ, "ಅದರಾಗ ಮ್ಯಾಲಿನ ಸಾಲು ಇರ್ತೈತಲ್ರಿ ಮೇಡಂ. ತಗದು ತೋರಿಸಿಬಿಡ್ರಿ, ಮುಗೀತು." ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ನೋಡೂಣು" ಎಂದರು.

ದೊಡ್ಡಪ್ಪ ಮರ್ಯಾದೆಯ ಮನುಷ್ಯ. ದನಿ ಏರಿಸಲಿಲ್ಲ. "ಬರ್ರಿ ಮೇಡಂ, ಕುಂದರ್ರಿ" ಎಂದು ಖುರ್ಚಿ ಹಾಕಿಸಿ, ಒಳಗೆ ತಿರುಗಿ ನೀರು ತರಲು ಹೇಳಿದರು. ಆಮೇಲೆ ಫೋನು ಮುಂದೆ ಚಾಚಿದರು. "ಓದ್ರಿ. ನನಗೂ ಕನ್ನಡಾ ಬರ್ತೈತಿ, ಆದ್ರ ನೀವು ಕಲಿಸಾವ್ರು. ನಿಮ್ಮ ಬಾಯಿಲೇ ಕೇಳೂಣು."

ಮೇಡಂ ಓದಿದರು, ಕ್ಲಾಸಿನಲ್ಲಿ ಓದುವ ಹಾಗೆಯೇ, ನಿಲ್ಲಬೇಕಾದಲ್ಲಿ ನಿಂತು. ಬಾಗಿಲ ಮರೆಯಲ್ಲಿ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗಿ ನೀರಿನ ತಂಬಿಗೆ ಹಿಡಿದು ಗೋಡೆಗೆ ಆನಿಕೊಂಡಿದ್ದಳು. ಅವಳು ನನ್ನತ್ತ ನೋಡಲಿಲ್ಲ.

"ಕಾಕಾರಿ, ಇದು ಆಕಿ ಮಾತಲ್ಲ" ಎಂದು ನಾನು ಶುರುಮಾಡಿದೆ. "ಪುಸ್ತಕದಾಗಿನ ಹೆಣಮಗಳದು. ಮ್ಯಾಲ 'ಈಗ ನಾನು ಆಕಿ' ಅಂತ ಒಂದು ಸಾಲಿತ್ರಿ. ನಾ ಫೋಟೋ ಕಟ್ ಮಾಡೂಮುಂದ ಹೋತು. ತಪ್ಪು ನಂದು."

"ನೀ ಯಾರವಾ?"

"ಸಿಂದಗಿಯಾಕಿರಿ. ಈಕಿ ಗೆಳತಿ."

"ಎಷ್ಟು ಸಲ ಭೆಟ್ಟಿ ಆಗೀದಿ?"

"ಎರಡು ಸಲರಿ."

ಅವರು ಸ್ವಲ್ಪ ನಕ್ಕರು. ಆಮೇಲೆ ಹುಡುಗಿಯ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು, "ನೀನ ಹೇಳವಾ. ಇದು ಪುಸ್ತಕದಾಕಿದೋ, ನಿಂದೋ?"

ಅವಳು ಬಾಯಿ ತೆರೆದಳು. ಇದನ್ನು ನಾನು ನೋಡಿದ್ದೇನೆ, ಪ್ರಮಾಣ ಮಾಡಿ ಹೇಳಬಲ್ಲೆ. ಉಸಿರು ಒಳಗೆಳೆದುಕೊಂಡು ತುಟಿ ಬಿಚ್ಚಿದಳು. ಎದುರಿನವರು ತಡವರಿಸಿದರೆ ಆ ಕ್ಷಣ ನಿಮ್ಮದು ಎಂದು ನಮಗೆ ಚರ್ಚೆಯಲ್ಲಿ ಕಲಿಸುತ್ತಾರೆ.

"ಪುಸ್ತಕದಾಕಿದರಿ ಕಾಕಾ. ಹೇಳಿದೆನಲ್ರಿ."

ಅವಳು ಬಾಯಿ ಮುಚ್ಚಿದಳು. ತಂಬಿಗೆಯನ್ನು ಮೇಡಂ ಕಾಲ ಹತ್ತಿರ ಇಟ್ಟು ಒಳಗೆ ಹೋದಳು. ನಾನು ಮೇಡಂ ಕಡೆ ನೋಡಿದೆ. ಫೈಲ್ ತೆಗೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವರು ಎರಡೂ ಕೈಯನ್ನು ಚೀಲದ ಮೇಲೆ ಊರಿಕೊಂಡು ಕೂತಿದ್ದರು. ಪುಟದ ಮೇಲೆ ಬೆರಳಿಡದೆ ಮಾತಾಡಬೇಡಿ ಎಂದು ನಮಗೆ ಕಲಿಸಿದವರು, ಪುಟ ಕೈಯಲ್ಲಿದ್ದೂ ತೆಗೆಯಲಿಲ್ಲ.

"ಆತವಾ" ಎಂದರು ದೊಡ್ಡಪ್ಪ. "ನಿನ್ನ ಮಾತು ಖರೇ ಅಂತ ಹಿಡಿಯೂಣು. ಇದೀಗ ಎಷ್ಟು ಮಂದಿ ಫೋನಿನಾಗ ಐತಿ, ಗೊತ್ತೈತೇನು? ನಾಳೆ ಬೀಗತನಕ್ಕ ಬಂದಾವ್ರ ಮುಂದ ನಿನ್ನ ಆ ಮ್ಯಾಲಿನ ಸಾಲು ಹಿಡಕೊಂಡು ನಿಂದರ್ಲೇನು? ಮನಿಮನಿಗೆ ಹೋಗಿ ಓದಿ ಹೇಳ್ಲೇನು?"

ಮೇಡಂ ಚೀಲ ಎತ್ತಿಕೊಂಡು ಎದ್ದರು.

ಹೊರಡುವಾಗ ಹೊಸ್ತಿಲಲ್ಲಿ ಮೇಡಂ ಕೈಮುಗಿದು, "ಬರ್ತೇವ್ರಿ" ಎಂದರು. ಬಂದವರಿಗೆ ನಮ್ಮ ಕಡೆ ಹೇಳುವುದು "ಹೋಗಿ ಬರ್ರಿ" ಎಂದು. ವೈರಿಗೂ ಹಾಗೆಯೇ ಹೇಳುತ್ತಾರೆ.

"ಹೋಗ್ರಿ" ಎಂದರು ದೊಡ್ಡಪ್ಪ.

ಮುಂದಿನದು ಬೇಗ ಆಯಿತು. ಅವಳು ಕಾಲೇಜಿಗೆ ಮತ್ತೆ ಬರಲಿಲ್ಲ, ಕೊನೆಯ ಪರೀಕ್ಷೆ ಬರೆಯಲಿಲ್ಲ. ಮದುವೆ ಗೊತ್ತು ಮಾಡಿದರು. ಕರೆಯೋಲೆ ನಮಗೆ ಯಾರಿಗೂ ಬರಲಿಲ್ಲ. ಮುದ್ದೇಬಿಹಾಳದಲ್ಲಿದ್ದ ಪ್ರತಿ ಅಲ್ಲೇ ಉಳಿಯಿತು, ತಿರುಗುವುದು ನಿಂತಿತು. ಮರುವರ್ಷದ ಪಟ್ಟಿಯಲ್ಲಿ ಮೇಡಂ ಹೆಸರು ಇರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಹೇಳಬೇಕೆಂಬ ನಿಯಮವೂ ಇಲ್ಲ. ಊರು ಬಿಡುವಾಗ ಪುಸ್ತಕದ ಒಂದು ಪ್ರತಿಯನ್ನೂ ಹಸಿರು ಫೈಲನ್ನೂ ನನಗೆ ಕೊಟ್ಟರು. "ನಿನಗ ವಾದಾ ಬೇಕಲ್ಲ. ಇಟಗೋ" ಎಂದರು. ಸಿಟ್ಟಿನಲ್ಲಿದ್ದ ನಾನು ತಿಂಗಳುಗಟ್ಟಲೆ ಅದನ್ನು ತೆರೆಯಲಿಲ್ಲ. ನನ್ನ ಪ್ರಕಾರ ಅವರು ಸಾಕ್ಷಿ ಚೀಲದಲ್ಲಿಟ್ಟುಕೊಂಡು ಸುಮ್ಮನೆ ಕೂತ ಪುಕ್ಕಲರು. ಕೇಳಿದವರಿಗೆಲ್ಲ ಹಾಗೇ ಹೇಳಿದೆ, ಸಾಲು ಕಟ್ ಆದ ಕತೆಯನ್ನೂ ಹೇಳಿದೆ. ಹೇಳಿ ಹೇಳಿ ಅದು ನಾಲ್ಕೂ ಊರಿಗೆ ಹಬ್ಬಿತು.

ಎಂ.ಎ.ಗೆ ಸೇರಿದ ಮೇಲೆ ಒಂದು ದಿನ ಫೈಲ್ ತೆರೆದೆ. ಆ ವಾರದ ಹಾಳೆಗಳು ಕೊನೆಯಲ್ಲಿದ್ದವು, ಅಳಿಸುವ ಮೊದಲೇ ಮೇಡಂ ಪ್ರಿಂಟ್ ತೆಗೆಸಿದ್ದರು. ಅಗರಖೇಡದವನದು: 'ಈಗ ನಾನು ಆಕಿ', ಆಮೇಲೆ ಅವನ ಬರಹ. ಮುದ್ದೇಬಿಹಾಳದವರದು ಹಾಗೇ. ನನ್ನದೂ ಹಾಗೇ. ಅವಳದು, ಹೆಸರು, ಸಮಯ, ಅದರ ಕೆಳಗೆ ನೇರವಾಗಿ: 'ನಾ ಹೋಗ್ತೇನಿ.'

ಮೇಲೆ ಸಾಲು ಇರಲಿಲ್ಲ.

ಹೆಸರು ಬಿಟ್ಟು ನಾನು ಏನನ್ನೂ ಕಟ್ ಮಾಡಿರಲಿಲ್ಲ. ಬೆರಳಿಟ್ಟು ಮತ್ತೆ ಓದಿದೆ, ಮೊದಲೇ ಓದಬೇಕಿದ್ದ ಹಾಗೆ. 'ಸಾಲಿಗೆ ಹೋದ್ರೂ ಬರ್ತೇನಿ.' ಸಾಲಿ ಎಂದರೆ ನಮ್ಮ ಕಡೆ ಶಾಲೆ. ಕಾದಂಬರಿಯ ಸೂಲಗಿತ್ತಿ ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪುಟಗಟ್ಟಲೆ ಅದೇ ಇದೆ ಅದರಲ್ಲಿ. ಅದು ಅಚ್ಚಿನ ತಪ್ಪಲ್ಲ, ಅವಳದೇ ಮಾತು.

ಮೇಡಂಗೆ ಫೋನ್ ಮಾಡಿದೆ. ಅವರೀಗ ದೂರದ ಊರಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಹಿಂದೆ ಮಗ್ಗಿ ಹೇಳುವ ದನಿಗಳು ಕೇಳಿಸುತ್ತಿದ್ದವು.

"ನಿಮಗ ಗೊತ್ತಿತ್ತಲ್ರಿ? ಅದಕ್ಕ ಅಳಿಸಿದ್ರಿ, ಅದಕ್ಕ ಫೈಲ್ ತಗೀಲಿಲ್ಲ."

"ಹೂಂ."

"ಮತ್ತ ನಾ ಅಲ್ಲಿ ಅಷ್ಟು ಖಾತ್ರಿಲೇ ಹೇಳೂಮುಂದ ನನ್ನ ತಡೀಲಿಲ್ಲ ಯಾಕ್ರಿ?"

"ತಡದ್ರ ಏನಾಗ್ತಿತ್ತು? ನಿನ್ನ ಸುಳ್ಳಿನಿಂದಾದ್ರೂ ಆಕಿ ಉಳೀತಾಳೇನೋ ಅಂತ ಮಾಡಿದ್ದೆ."

"ನಂದು ಸುಳ್ಳಲ್ರಿ ಮೇಡಂ, ನಾ ನಂಬಿದ್ದೆ."

"ಅದ ನೋಡವಾ" ಎಂದರು ಅವರು. ಆ ಸಾಲನ್ನು ಆಕೆ ಮರೆತಳೋ, ಬೇಕಂತಲೇ ಬಿಟ್ಟಳೋ ಎಂದು ಕೇಳಿದೆ. "ನನ್ನ ಕೇಳಬ್ಯಾಡ. ಕೇಳಬೇಕಾದಾಗ ನಾವಿಬ್ಬರೂ ಕೇಳಲಿಲ್ಲ" ಎಂದರು.

ಕೇಳಿದವರು ಒಬ್ಬರೇ, ದೊಡ್ಡಪ್ಪ. ಇದನ್ನು ಬರೆಯುವುದು ನನಗೆ ಕಷ್ಟ. ಅವಳ ಓದು ನಿಲ್ಲಿಸಿದ ಮನುಷ್ಯನೇ ಆ ದಿನ ಆ ಮನೆಯಲ್ಲಿ ಅವಳನ್ನು ಮಾತಾಡು ಎಂದದ್ದು. ಬಾಯಿ ಮುಚ್ಚಿಸಿದ್ದು ಅವಳ ಪರವಾಗಿ ಹೋದ ನಾನು. ಅವಳು "ನಂದು" ಎಂದಿದ್ದರೆ ಅವರು ಬಿಡುತ್ತಿದ್ದರೇ? ಇಲ್ಲ. ಇನ್ನೂ ಕೆಟ್ಟದ್ದೇ ಆಗುತ್ತಿತ್ತು. ಆದರೆ ನಾನು ಹೇಳಿದ್ದರಿಂದ ಅವಳಿಗೆ ಉಳಿದದ್ದೇನು? ಕಾಲೇಜು ಹೋಯಿತು, ವಿಜಯಪುರ ಹೋಯಿತು, ಕೊನೆಗೆ ತಾನು ಬರೆದ ಐದಾರು ಸಾಲೂ ಬೇರೆ ಯಾರದೋ ಆಗಿಹೋದವು.

ಹೋದ ತಿಂಗಳು ದೇವರ ಹಿಪ್ಪರಗಿಯಲ್ಲಿ ಬಸ್ ಬದಲಿಸಲು ಇಳಿದಿದ್ದೆ. ಸಂತೆಯ ದಿನ. ಚೀಲಗಳ ನಡುವೆ ಅವಳು ತನ್ನ ಅತ್ತೆಯ ಮಗ್ಗುಲಿಗೆ ನಿಂತಿದ್ದಳು. ತಲೆ ಮೇಲೆ ಸೆರಗು, ಕೈಯಲ್ಲಿ ಮೆಂತ್ಯದ ಸಿವುಡು. ನಾನು ಗುರುತಿಸುವ ಮೊದಲು ಅವಳೇ ಗುರುತಿಸಿದಳು.

"ಅಕ್ಕಾ, ಸಣ್ಣಾಗೀದಿ" ಎಂದಳು.

"ಯಾರವಾ ಈಕಿ?" ಎಂದು ಅತ್ತೆ ಕೇಳಿದರು.

"ಸಿಂದಗಿಯಾಕಿರಿ ಅತ್ತಿ. ಭಾಳ ಚಲೋ ಮಾತಾಡ್ತಾಳ. ಷೀಲ್ಡ್ ತಗೊಂಡಾಳ."

ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ತಿಳಿಯಲಿಲ್ಲ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಬಸ್ಸಿನ ದಾರಿ ಕಾಯತೊಡಗಿದರು. ಅವಳು ದನಿ ತಗ್ಗಿಸಿ, "ಪುಸ್ತಕ ಈಗ ಯಾರ ಕಡೆ ಐತಿ?" ಎಂದಳು.

"ಒಂದು ನನ್ನ ಕಡೆ ಐತಿ. ಕಳಸ್ಲೇನು?"

"ಎಲ್ಲಿಗೆ ಕಳಸ್ತಿ?" ಎಂದು ಮೆಂತ್ಯದ ಒಣಗಿದ ಎಲೆ ಕೀಳತೊಡಗಿದಳು.

ಬಸ್ ಬಂತು. ಅತ್ತೆ ಮೊದಲು ಹತ್ತಿ, ಒಳಗಿನಿಂದ ಚೀಲಕ್ಕೆ ಕೈ ಚಾಚಿದರು. ಅವಳು ಚೀಲ ಎತ್ತಿಕೊಟ್ಟು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ರೂಢಿಯ ಮಾತು ಹೇಳಲು ನನ್ನ ಕಡೆ ತಿರುಗಿದಳು. ಈ ಸಲವೂ ನಾನೇ ಮೊದಲು ಮಾತಾಡಿಬಿಟ್ಟೆ:

"ಆ ಮ್ಯಾಲಿನ ಸಾಲು ನೀ ಮರತಿದ್ಯೋ, ಬಿಟ್ಟಿದ್ಯೋ?"